ಗಿರಿಜಮ್ಮನಿಗೆ ಸಾಂಬ್ರಾಣಿ ಆಗದೇ ಹೋದದ್ದು

ಕುವೆಂಪುನಗರದ ಆ ಬೀದಿಯಲ್ಲಿ ಟೇಪು ಹಿಡಿಸಿಕೊಳ್ಳದೆ ರವಿಕೆ ಹೊಲಿಸಿಕೊಳ್ಳಬಹುದಾಗಿದ್ದ ಮನೆ ಗಿರಿಜಮ್ಮನವರದು. ರೇಷನ್ ಕಾರ್ಡಿನಲ್ಲಿ ಗಿರಿಜಾಂಬಾ, ಎಲ್ಲರ ಬಾಯಲ್ಲೂ ಗಿರಿಜಮ್ಮ. ಬಾಗಿಲಲ್ಲಿ ನಿಂತವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಹೋದ ವರ್ಷಕ್ಕಿಂತ ಒಂದು ಸುತ್ತು ಬಂದಿದೀರ ಕಣ್ರೀ. ಒಳಗೆ ಬಟ್ಟೆ ಬಿಟ್ಟಿರ್ತೀನಿ ಬಿಡಿ, ಮುಂದಕ್ಕೂ ಆಗುತ್ತೆ" ಎನ್ನುತ್ತಿದ್ದರು. ಅನ್ನಿಸಿಕೊಂಡವರು ನಕ್ಕು ಒಳಗೆ ಬಂದು ಕೂತರೆ, ತಮ್ಮ ಮನೆಯ ಕಥೆಯನ್ನೆಲ್ಲ ಹೇಳಿ ಮುಗಿಸದೆ ಏಳುತ್ತಿರಲಿಲ್ಲ.

ಹೊಲಿಗೆಗೆ ಕೂರುವ ಮೊದಲು ಗಿರಿಜಮ್ಮನವರಿಗೆ ಪೂಜೆ. ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡಗೈಯ ಅಂಗೈ ಮೇಲಿಟ್ಟುಕೊಂಡು, ಒಂದಿಷ್ಟು ನೀರು, ವಿಭೂತಿ, ಬಿಲ್ವಪತ್ರೆ. ಪಕ್ಕದಲ್ಲಿ ಸಾಂಬ್ರಾಣಿ ಹೊಗೆ. ಆಮೇಲೆ ಸುಮ್ಮನೆ ಲಿಂಗವನ್ನೇ ನೋಡುತ್ತ ಕೂರುವುದು. ಹಾಲಿನವನು ಕೂಗಲಿ, ಕುಕ್ಕರ್ ಕೂಗಲಿ, ಆ ಹೊತ್ತಿನಲ್ಲಿ ಅವರು ಏಳುತ್ತಿರಲಿಲ್ಲ.

ಗಂಡ ಪ್ರಭುಸ್ವಾಮಿಯವರ ಭಕ್ತಿ ಬೇರೆ ಬಗೆಯದು. ಮೇಟಗಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ. ಸ್ನಾನ ಮಾಡಿ ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು "ತಿಂಡಿ ಆಯ್ತಾ?" ಎಂದರೆ ಅಲ್ಲಿಗೆ ಅವರ ಪೂಜೆ ಮುಗಿಯಿತು.

ಹಾಗಿದ್ದ ಮನುಷ್ಯ ಬದಲಾದದ್ದು ಗಿರಿಜಮ್ಮನವರಿಗೆ ಕ್ಯಾನ್ಸರ್ ಎಂದು ತಿಳಿದ ಮೇಲೆ. ಬಲಗಡೆಯ ಎದೆಯಲ್ಲಿ ಗಂಟು. ಆಪರೇಷನ್ ಆಯಿತು, ಗಾಯ ಮಾಯಿತು, ಇನ್ನು ಆರು ಸಲ ಕೀಮೋ ಆಗಬೇಕು ಎಂದರು. ಮೊದಲ ಕೀಮೋದ ದಿನ ಬೆಳಿಗ್ಗೆ ಗಿರಿಜಮ್ಮ ಎದ್ದು ನೋಡಿದರೆ ಪ್ರಭುಸ್ವಾಮಿಯವರು ಆಗಲೇ ಸ್ನಾನ ಮುಗಿಸಿ, ಗ್ಯಾಸಿನ ಒಲೆ ಮೇಲೆ ಕರಟ ಸುಟ್ಟು ಕೆಂಡ ಮಾಡುತ್ತಿದ್ದರು. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ಕಲಿತದ್ದು. ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಕೆಮ್ಮುತ್ತಲೇ ಮನೆಯ ಮೂಲೆಮೂಲೆಗೂ ಹೊಗೆ ಹಿಡಿದು, ಕೊನೆಗೆ ಹೆಂಡತಿಯ ಮುಂದೆ ನಿಂತು ಅವರ ಹಣೆಗೆ ವಿಭೂತಿ ಇಟ್ಟರು.

"ಏನ್ರೀ ಇದು, ಯಾವ ಮಠದ ಅಯ್ಯನವರು ನೀವು?" ಎಂದು ನಗಲು ಹೋಗಿ ಗಿರಿಜಮ್ಮ ಅತ್ತರು.

"ಸುಮ್ನಿರು. ಹೊರಡೋಕ್ ಮುಂಚೆ ಅಳ್ಬಾರ್ದು" ಎಂದು ಅವರೂ ಮೂಗು ಒರೆಸಿಕೊಂಡರು.

ಅಂದಿನಿಂದ ಪ್ರತಿ ಕೀಮೋದ ಬೆಳಿಗ್ಗೆಯೂ ಅದೇ ಧೂಪ, ಅದೇ ವಿಭೂತಿ, ಆಮೇಲೆ ಸ್ಕೂಟರ್, ಆಸ್ಪತ್ರೆ, ಕೆಂಪು ಔಷಧಿ, ಸಂಜೆಯಿಂದ ವಾಂತಿ. ಕೂದಲು ಉದುರಿತು. ಗಿರಿಜಮ್ಮ ಅದಕ್ಕೇನೂ ಕುಗ್ಗಲಿಲ್ಲ. ಉಳಿದ ಬ್ಲೌಸ್ ಪೀಸುಗಳಲ್ಲಿ ತಲೆಗೆ ಟೋಪಿ ಹೊಲಿದುಕೊಂಡರು, ವಾರ್ಡಿನ ನಾಲ್ಕೈದು ಹೆಂಗಸರಿಗೂ ಹೊಲಿದುಕೊಟ್ಟರು.

ಅವರನ್ನು ಕುಗ್ಗಿಸಿದ್ದು ಬೇರೆ. ಮೂರನೇ ಕೀಮೋ ಆದ ಮೇಲೆ, ಹೊಟ್ಟೆ ತಿಳಿಯಾಗಿದ್ದ ಒಂದು ಸೋಮವಾರ ಪೂಜೆಗೆ ಕೂತು ಸಾಂಬ್ರಾಣಿ ಹಾಕಿದರು. ಹೊಗೆ ಎದ್ದದ್ದೇ ತಡ, ಕರುಳು ಕಿತ್ತು ಬಾಯಿಗೆ ಬಂದ ಹಾಗಾಯಿತು. ಬಚ್ಚಲಿಗೆ ಓಡಿದರು. ಮರುದಿನವೂ ಹಾಗೆಯೇ. ಆಮೇಲೆ ಹೊಗೆಯೇ ಬೇಕಾಗಲಿಲ್ಲ, ದೇವರ ಗೂಡಿನ ಮುಂದೆ ಹೋದರೆ ಸಾಕು. ಕಡೆಕಡೆಗೆ ಪ್ರಭುಸ್ವಾಮಿಯವರು ಹತ್ತಿರ ಬಂದರೂ, ಅವರ ಬೆರಳಿನಲ್ಲಿ ಉಳಿದ ಧೂಪದ ವಾಸನೆಗೆ ಹೊಟ್ಟೆ ತೊಳಸತೊಡಗಿತು.

ಗಿರಿಜಮ್ಮ ಇದನ್ನು ಯಾರಿಗೂ ಹೇಳಲಿಲ್ಲ. ಹೇಳುವ ಮಾತಾಗಿರಲಿಲ್ಲ ಅದು. ಚಿಕ್ಕವರಿದ್ದಾಗ ನಂಜನಗೂಡು ಕಡೆಯ ತವರೂರಿನ ಮಠದಲ್ಲಿ ಗಾಳಿ ಹಿಡಿದಿದೆ ಎಂದು ಒಬ್ಬ ಹೆಂಗಸನ್ನು ಕರೆತಂದಿದ್ದರು. ಸಾಂಬ್ರಾಣಿ ಹೊಗೆ ಹತ್ತಿರ ತಂದರೆ ಆಕೆ ಮುಖ ತಿರುಗಿಸಿ ತಿರುಗಿಸಿ ಒದ್ದಾಡುತ್ತಿದ್ದಳು. "ನೋಡ್ರವ್ವ, ಒಳಗೆ ಸೇರ್ಕೊಂಡಿರೋದಕ್ಕೆ ಧೂಪ ತಡ್ಕಳಕ್ಕಾಯ್ತಿಲ್ಲ" ಎಂದು ಯಾರೋ ಹೇಳಿದ್ದು ಅವರ ಕಿವಿಯಲ್ಲಿ ಹಾಗೇ ಕೂತಿತ್ತು. ಈಗ ತಾವೇ ಮುಖ ತಿರುಗಿಸುವಂತಾಯಿತಲ್ಲ! ತನ್ನೊಳಗೆ ಏನು ಸೇರಿಕೊಂಡಿದೆ? ಧೂಪಕ್ಕೆ ಆಗದವಳು ಲಿಂಗ ಮುಟ್ಟಬಹುದೇ? ಕರಡಿಗೆ ಕೊರಳಲ್ಲೇ ಇತ್ತು. ಆದರೆ ಅದನ್ನು ಬಿಚ್ಚಿ ತಿಂಗಳ ಮೇಲಾಗಿತ್ತು.

ಪ್ರಭುಸ್ವಾಮಿಯವರಿಗೆ ಕಂಡದ್ದು ಇಷ್ಟೇ: ಹೆಂಡತಿ ಮಂಕಾಗುತ್ತಿದ್ದಾಳೆ, ಹತ್ತಿರ ಹೋದರೆ ಮುಖ ತಿರುಗಿಸುತ್ತಾಳೆ. ತಮ್ಮ ಸೇವೆಯೇ ಸಾಲದು ಎಂದುಕೊಂಡು ಧೂಪವನ್ನು ಸಂಜೆಗೂ ಶುರುಮಾಡಿದರು. ದೇವರಾಜ ಮಾರುಕಟ್ಟೆಗೆ ಹೋಗಿ ಇನ್ನೂ ಒಳ್ಳೆಯ ಸಾಂಬ್ರಾಣಿ ಹುಡುಕಿ ತಂದರು. ಅವರು ಹೊಗೆ ಹೆಚ್ಚಿಸಿದಷ್ಟೂ ಗಿರಿಜಮ್ಮ ಇಳಿದುಹೋದರು.

ನಾಲ್ಕನೆಯದು ಹೇಗೋ ಮುಗಿಯಿತು. ಐದನೆಯದಕ್ಕೆ ಹೋಗುವುದಿಲ್ಲ ಎಂದು ಗಿರಿಜಮ್ಮ ಮನಸ್ಸಿನಲ್ಲೇ ತೀರ್ಮಾನಿಸಿದರು. ದೇವರೂ ಬೇಡವೆಂದ ಮೇಲೆ, ಕಟ್ಟಿಕೊಂಡವರ ಮುಖ ನೋಡಲೂ ಆಗದ ಮೇಲೆ, ಈ ಔಷಧಿಯಿಂದ ಉಳಿಸಿಕೊಳ್ಳುವುದಾದರೂ ಏನನ್ನು? ಕೀಮೋದ ಹಿಂದಿನ ದಿನ ರಕ್ತಪರೀಕ್ಷೆಗೆ ಹೋಗಬೇಕಿತ್ತು. ಅಲ್ಲೇ ಹೇಳಿಬಿಡೋಣವೆಂದು ಹೊರಟರು.

"ಏನು, ಮಾತೇ ಇಲ್ಲ?" ಸ್ಕೂಟರಿನಲ್ಲಿ ಪ್ರಭುಸ್ವಾಮಿ ಕೇಳಿದರು.

"ರಸ್ತೆ ನೋಡ್ಕೊಂಡ್ ಓಡ್ಸಿ."

"ನನ್ ಮೇಲೆ ಕೋಪಾನಾ?"

ಗಿರಿಜಮ್ಮ ಉಸಿರು ಬಿಗಿಹಿಡಿದು ಮುಖವನ್ನು ಆಚೆ ಮಾಡಿಕೊಂಡಿದ್ದರು. ಉತ್ತರ ಕೊಡಲು ಬಾಯಿ ತೆರೆದರೆ ಎಲ್ಲಿ ವಾಂತಿಯಾದೀತೋ ಎಂಬ ಭಯ.

ಆಸ್ಪತ್ರೆಯ ಗೇಟು ಕಂಡ ಕೂಡಲೇ ಆಗಿಯೇ ಹೋಯಿತು. ಪ್ರಭುಸ್ವಾಮಿ ಗಾಡಿ ನಿಲ್ಲಿಸಲು ಹೋಗಿದ್ದಾಗ ವಾರ್ಡಿನ ಪರಿಚಯದ ಸಿಸ್ಟರ್ ಓಡಿ ಬಂದು ನೀರು ಕೊಟ್ಟರು.

"ಏನಮ್ಮಾ, ಇವತ್ತು ಬರೀ ಬ್ಲಡ್ ಟೆಸ್ಟು. ಇನ್ನೂ ಸೂಜಿ ಕೂಡ ಚುಚ್ಚಿಲ್ಲ, ಆಗ್ಲೇ ವಾಂತೀನಾ?"

"ನಾಳೆಯಿಂದ ನಾನು ಬರಲ್ಲ ಸಿಸ್ಟರ್. ಸಾಕು."

ರಕ್ತ ತೆಗೆಸಿದ ಮೇಲೆ ಸಿಸ್ಟರ್ ಅವರ ಕೈಹಿಡಿದು ನೇರವಾಗಿ ಮೊದಲ ಮಹಡಿಯ ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋದರು. ರೋಗಿಗಳ ಜೊತೆ ಕೂತು ಮಾತಾಡುವುದೇ ಕೆಲಸವಾಗಿದ್ದ ನಯನಾ ಮೇಡಂ ಕೋಣೆ ಅದು. ಮೇಡಂ ಎಂದರೂ ಗಿರಿಜಮ್ಮನವರಿಗಿಂತ ಇಪ್ಪತ್ತು ವರ್ಷ ಚಿಕ್ಕವರು.

ನಯನಾ ಮೊದಲು ಮೊಬೈಲಿನಲ್ಲಿ ಮೆಲ್ಲಗೆ ಅಲೆಗಳ ಸದ್ದು ಹಾಕಿದರು. "ಕಣ್ಮುಚ್ಕೊಳಿ ಅಮ್ಮ. ಸಮುದ್ರದ ದಡದಲ್ಲಿ ಕೂತಿದೀರ ಅಂದ್ಕೊಳಿ."

ಗಿರಿಜಮ್ಮ ಕಣ್ಣು ಮುಚ್ಚಿ, ತಕ್ಷಣ ತೆರೆದರು. "ನಾನು ಸಮುದ್ರ ನೋಡಿದ್ದು ಒಂದೇ ಸಲ ಮೇಡಂ, ಗೋಕರ್ಣದಲ್ಲಿ. ಅಲೆ ಬಂದು ನಮ್ಮನೆಯವರ ಹೊಸ ಚಪ್ಪಲಿ ಎಳ್ಕೊಂಡ್ಹೋಯ್ತು. ಮೈಸೂರಿಗೆ ಬರೋವರ್ಗೂ ಬೈಕೊಂಡೇ ಬಂದ್ರು. ಈಗ ಕಣ್ಮುಚ್ಚಿದ್ರೆ ಆ ಬೈಗುಳಾನೇ ಕೇಳ್ಸುತ್ತೆ."

ನಯನಾಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಸಮುದ್ರ ಬೇಡ ಬಿಡಿ" ಎಂದು ಮೊಬೈಲ್ ಮಗುಚಿಟ್ಟರು. "ಕೀಮೋ ದಿನ ಬೆಳಿಗ್ಗೆ ಎದ್ದಾಗಿಂದ ಇಲ್ಲಿಗೆ ಬರೋವರ್ಗೂ ಏನೇನು ಮಾಡ್ತೀರಾ, ಅದನ್ನ ಹೇಳಿ. ನಿಧಾನವಾಗಿ."

ಗಿರಿಜಮ್ಮ ಹೇಳಿದರು. ಧೂಪದ ಹತ್ತಿರ ಬಂದಾಗ ಮಾತು ನಿಂತಿತು. ನಯನಾ ಕೆದಕಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಕಾದರು. ಯಾರಾದರೂ ಹೀಗೆ ಕಾದು ಎಷ್ಟು ದಿನವಾಗಿತ್ತೋ, ಗಿರಿಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಹೇಳಿಬಿಟ್ಟರು. ಮಠದಲ್ಲಿ ಕಂಡ ಹೆಂಗಸು, ಮುಚ್ಚಿದ ಕರಡಿಗೆ, ಗಂಡನ ಬೆರಳು. "ನನ್ನೊಳಗೆ ಏನೋ ಕೆಟ್ಟದ್ದು ಸೇರ್ಕೊಂಡಿದೆ ಮೇಡಂ. ಶಿವ ನನ್ನ ಆಚೆ ಹಾಕ್ಬುಟ್ಟ."

ನಯನಾ ನಗಲಿಲ್ಲ. "ಗಂಟು ಇದ್ದಾಗ ಧೂಪ ಆಗ್ತಿತ್ತಾ?"

"ಪ್ರಾಣ ನಂಗೆ."

"ಆಪರೇಷನ್ ಆದ್ಮೇಲೆ?"

"ಆಗ್ತಿತ್ತು."

"ಕೀಮೋ ಶುರುವಾದ್ಮೇಲೆ ಆಗ್ತಿಲ್ಲ, ಅಲ್ವಾ?" ನಯನಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಮ್ಮಣ್ಣ ಚಿಕ್ಕವನಿದ್ದಾಗ ಹಲಸಿನಹಣ್ಣು ತಿಂದ ದಿನವೇ ಜ್ವರ ಬಂದು ವಾಂತಿಯಾಗಿತ್ತು. ಇವತ್ತಿಗೂ ಹಲಸಿನಹಣ್ಣಿನ ಗಾಡಿ ಕಂಡ್ರೆ ರಸ್ತೆ ದಾಟಿ ಆ ಕಡೆ ಹೋಗ್ತಾನೆ. ಹಲಸಿಂದೇನು ತಪ್ಪು? ನಿಮ್ ಹೊಟ್ಟೇನೂ ಹಾಗೇ. ಧೂಪ ಬಂತು, ಅದರ ಹಿಂದೇನೇ ಔಷಧಿ ಬಂತು, ಸಂಕಟ ಬಂತು. ಮತ್ತೆ ಮತ್ತೆ ಹಾಗೇ ಆದಾಗ, ಧೂಪ ಬಂದ ತಕ್ಷಣ ಹೊಟ್ಟೆ ತಾನಾಗೇ ಎದ್ದು ನಿಲ್ಲುತ್ತೆ. ಪಾಪ, ನಿಮ್ಮನ್ನ ಕಾಪಾಡ್ತಿದೀನಿ ಅಂದ್ಕೊಂಡಿದೆ ಅದು. ಸ್ವಲ್ಪ ದಡ್ಡ. ಇದು ತುಂಬಾ ಜನಕ್ಕೆ ಆಗುತ್ತೆ ಅಮ್ಮ. ಒಬ್ರಿಗೆ ಕಾಫಿ, ಇನ್ನೊಬ್ರಿಗೆ ಸೋಪು."

ಗಿರಿಜಮ್ಮನವರ ಕೈ ಕರಡಿಗೆಯ ಮೇಲೆ ಹೋಯಿತು. "ಹಂಗಾದ್ರೆ ಶಿವ ನನ್ನ ಆಚೆ ಹಾಕಿಲ್ವಾ?"

"ಶಿವನ ವಿಷಯ ನಾನು ಹೇಳಕ್ಕಾಗಲ್ಲಮ್ಮ. ಹೊಟ್ಟೆ ವಿಷಯ ಮಾತ್ರ ಹೇಳ್ಬಲ್ಲೆ."

ಆ ಉತ್ತರ ಗಿರಿಜಮ್ಮನವರಿಗೆ ಹಿಡಿಸಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದವರು ಗೊತ್ತಿರುವುದನ್ನು ಸರಿಯಾಗೇ ಹೇಳುತ್ತಿರಬಹುದು ಎನ್ನಿಸಿತು.

ನಯನಾ ಮುಚ್ಚುಮರೆಯಿಲ್ಲದೆ ಹೇಳಿದರು. ತಾವು ಹೇಳಿಕೊಡುವುದರಿಂದ ರೋಗ ವಾಸಿಯಾಗುವುದಿಲ್ಲ, ಆ ಕೆಲಸ ಔಷಧಿಯದು. ವಾಂತಿಯ ಮಾತ್ರೆಯನ್ನೂ ಬಿಡುವ ಹಾಗಿಲ್ಲ. ಆದರೆ ಹೊಟ್ಟೆ ಕಲಿತದ್ದನ್ನು ಮೆಲ್ಲಗೆ ಮರೆಸಬಹುದು. ಕೀಮೋದ ಬೆಳಿಗ್ಗೆ ಧೂಪ ಬೇಡವೇ ಬೇಡ. ಬೇರೆ ದಿನ, ಹೊಟ್ಟೆ ತಿಳಿಯಾಗಿದ್ದಾಗ, ಉರಿಸದ ಸಾಂಬ್ರಾಣಿ ದೂರದಲ್ಲಿರಲಿ. ಮನಸ್ಸನ್ನು ಒಂದು ಕಡೆ ನಿಲ್ಲಿಸಿಕೊಂಡು ಕೂತು, ಮೈ ಸಡಿಲವಾದ ಮೇಲೆ ಅದನ್ನು ಒಂದೊಂದೇ ಹೆಜ್ಜೆ ಹತ್ತಿರ ತರುವುದು.

ಉಸಿರನ್ನು ಗಮನಿಸುತ್ತ ಕೂರಲು ಹೇಳಿದರೆ ಗಿರಿಜಮ್ಮನವರಿಗೆ ಎದೆ ಹೊಡೆದುಕೊಳ್ಳುವುದೇ ದೊಡ್ಡದಾಗಿ ಕೇಳಿ ಇನ್ನಷ್ಟು ಗಾಬರಿಯಾಯಿತು. "ಆಗ್ಲಿಲ್ವಾ? ಹೋಗ್ಲಿ ಬಿಡಿ. ಪೂಜೇಲಿ ಕೂತಾಗ ಏನ್ ಮಾಡ್ತಿದ್ರಿ?" ಎಂದು ಕೇಳಿದರು ನಯನಾ.

"ಅಂಗೈಯಲ್ಲಿ ಲಿಂಗ ಇಟ್ಕೊಂಡು ಅದನ್ನೇ ನೋಡ್ತಿದ್ದೆ. ಕೈಗೆ ಒಂಚೂರು ಭಾರ, ತಣ್ಣಗೆ. ಆಮೇಲೆ ಉಸಿರು ತಾನಾಗೇ ನಿಧಾನ ಆಗ್ತಿತ್ತು."

"ಅದಕ್ಕೆ ಧೂಪ ಇರ್ಲೇಬೇಕಾ? ನಂಗೆ ಗೊತ್ತಿಲ್ಲ, ನೀವೇ ಹೇಳ್ಬೇಕು."

ಗಿರಿಜಮ್ಮನವರಿಗೆ ತಮ್ಮ ಅಜ್ಜಿಯ ನೆನಪಾಯಿತು. ಅಜ್ಜಿ ಬಸ್ಸಿನಲ್ಲಿ, ಹೊಲದಲ್ಲಿ, ಎಲ್ಲಿದ್ದರೆ ಅಲ್ಲಿ ಒಂದು ಲೋಟ ನೀರಿನಲ್ಲಿ ಪೂಜೆ ಮುಗಿಸುತ್ತಿದ್ದರು. "ಬೇಕು ಅಂತೇನಿಲ್ಲ" ಎಂದರು ಗಿರಿಜಮ್ಮ.

"ಹಾಗಾದ್ರೆ ಅಲ್ಲಿಂದ್ಲೇ ಶುರು ಮಾಡಿ. ಸಂಕಟ ಬಂದ್ರೆ ತಳ್ಳೋಕೆ ಹೋಗ್ಬೇಡಿ. ಹೊಲಿಗೆ ಮಾಡ್ತೀರಂತಲ್ಲ, ಕತ್ತರಿ ಹಾಕೋ ಮುಂಚೆ ಬಟ್ಟೇನ ಒಂದ್ಸಲ ಹರಡ್ಕೊಂಡು ನೋಡ್ತೀರಲ್ಲ, ಹಾಗೆ ನೋಡಿ. ಎಲ್ಲಿಂದ ಶುರುವಾಯ್ತು, ಎಲ್ಲೀವರ್ಗೂ ಏರ್ತು, ಎಲ್ಲಿ ಇಳೀತು."

ಮಧ್ಯಾಹ್ನ ರಕ್ತದ ವರದಿ ಬಂತು. ಬಿಳಿ ರಕ್ತಕಣ ಕಡಿಮೆ ಇದೆ, ಐದನೇ ಕೀಮೋ ಒಂದು ವಾರ ಮುಂದಕ್ಕೆ ಎಂದರು ಡಾಕ್ಟರು. ಬರುವುದಿಲ್ಲ ಎಂದು ಹೇಳಲು ಬಂದಿದ್ದ ಗಿರಿಜಮ್ಮ ಏನೂ ಹೇಳದೆ ಹಿಂತಿರುಗಿದರು. ಒಪ್ಪಿದ್ದರೆಂದಲ್ಲ. ಒಂದು ವಾರ ನೋಡೋಣ, ಅಷ್ಟೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಸಂಜೆ ಕಾದಿತ್ತು. ಪ್ರಭುಸ್ವಾಮಿಯವರು ಎಂದಿನಂತೆ ಕರಟಕ್ಕೆ ಬೆಂಕಿ ಹಚ್ಚುತ್ತಿದ್ದರು.

"ಅದನ್ನ ಆರ್ಸಿ" ಎಂದರು ಗಿರಿಜಮ್ಮ, ಅಡುಗೆಮನೆಯ ಹೊರಗೇ ನಿಂತು.

"ಯಾಕೆ?"

"ನಂಗೆ ಆಗಲ್ಲ. ಆ ವಾಸನೆಗೇ ವಾಂತಿ ಬರುತ್ತೆ. ನಿಮ್ ಕೈಗೂ."

ಪ್ರಭುಸ್ವಾಮಿ ಇಕ್ಕಳ ಹಿಡಿದುಕೊಂಡೇ ನಿಂತರು. ನಯನಾ ಹೇಳಿದ ಹಲಸಿನಹಣ್ಣಿನ ಕಥೆಯನ್ನು ಗಿರಿಜಮ್ಮ ತಪ್ಪುತಪ್ಪಾಗಿ ಹೇಳಿದರು. ಪ್ರಭುಸ್ವಾಮಿ ಒಲೆ ಆರಿಸಿ, ಹೊರಗೆ ಬಂದು ಹೊಲಿಗೆ ಮಿಷಿನ್ನಿನ ಸ್ಟೂಲಿನ ಮೇಲೆ ಕೂತರು.

"ಅಂದ್ರೆ ಇಷ್ಟು ದಿನ ನಾನೇ ನಿನ್ನ ವಾಂತಿ ಮಾಡ್ಸ್ತಿದ್ನಾ?"

"ನೀವಲ್ಲ ರೀ, ಔಷಧಿ."

"ಸಂಜೆ ಬೇರೆ ಹಾಕ್ದೆ. ಆ ಮಾರ್ಕೆಟ್ಟಿನವನು ಬೇರೆ, ಸಾರ್ ಇದು ಫಸ್ಟ್ ಕ್ಲಾಸ್ ಅಂದ. ಮೊದಲೇ ಹೇಳೋಕೇನಾಗಿತ್ತೇ ನಿಂಗೆ?"

ಗಿರಿಜಮ್ಮ ತಲೆ ತಗ್ಗಿಸಿ ಗಾಳಿಯ ವಿಷಯ ಹೇಳಿದರು, ಐದನೇ ಕೀಮೋ ಬೇಡವೆಂದುಕೊಂಡದ್ದನ್ನೂ ಹೇಳಿದರು. ಹೇಳುವಾಗ ಕಣ್ಣೀರು ಬಂತು. ಪ್ರಭುಸ್ವಾಮಿ ಬಾಯಿ ಬಿಟ್ಟುಕೊಂಡು ಕೇಳಿದರು.

"ನಿನ್ನೊಳಗೆ ಸೇರ್ಕೊಳಕ್ಕೆ ಯಾವ ಗಾಳಿಗೆ ಧೈರ್ಯ ಇದೆ ಕಣೇ? ಮದುವೆ ಆದಾಗಿಂದ ನಾನೇ ಹೆದರ್ಕೊಂಡು ಬಾಳ್ವೆ ಮಾಡ್ತಿದೀನಿ!"

ಅಳುತ್ತಿದ್ದ ಗಿರಿಜಮ್ಮ ನಕ್ಕರು. ಅವರು ಜೋರಾಗಿ ನಕ್ಕು ತಿಂಗಳುಗಳೇ ಆಗಿದ್ದವು. ಎದ್ದು ಹತ್ತಿರ ಬರಲು ಹೊರಟ ಪ್ರಭುಸ್ವಾಮಿಯವರು ಕೈ ಮೂಸಿ ನೋಡಿಕೊಂಡು ಅಲ್ಲೇ ನಿಂತರು.

ಮರುದಿನದಿಂದ ಆ ಮನೆಯಲ್ಲಿ ನಡೆದದ್ದು ದೊಡ್ಡ ಸ್ವಚ್ಛತೆಯ ಕೆಲಸ. ಪ್ರಭುಸ್ವಾಮಿ ಪರದೆಗಳನ್ನೆಲ್ಲ ಬಿಚ್ಚಿ ಒಗೆದರು, ದೇವರ ಗೂಡಿನ ಮಸಿ ಉಜ್ಜಿದರು, ಗಂಧದ ಸೋಪು ಬಿಟ್ಟು ಎಂಥದೋ ವಾಸನೆಯಿಲ್ಲದ ಸೋಪು ತಂದರು. ಕಾರ್ಖಾನೆಯಲ್ಲಿ ಜೊತೆಯವರ ಮೂಗಿನ ಮುಂದೆ ಕೈ ಹಿಡಿದು "ಸ್ವಲ್ಪ ಮೂಸಿ ನೋಡಯ್ಯ" ಎನ್ನುತ್ತಿದ್ದರಂತೆ. "ಗ್ರೀಸ್ ವಾಸನೆ ಬರ್ತಿದೆ ಸಾರ್" ಎಂದರೆ ಸಮಾಧಾನದಿಂದ "ಹಾಗಾದ್ರೆ ಸರಿ" ಎನ್ನುತ್ತಿದ್ದರಂತೆ.

ಸ್ವಚ್ಛತೆ ಶುರುವಾದ ದಿನದ ಸಂಜೆಯೇ ಗಿರಿಜಮ್ಮ ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂತರು. ಮುಚ್ಚಳ ಬಿಗಿದ ಸ್ಟೀಲ್ ಡಬ್ಬಿಯಲ್ಲಿ ಒಂದು ಚೂರು ಸಾಂಬ್ರಾಣಿ, ದೂರದ ಕಿಟಕಿಯ ಮೇಲೆ. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡರು. ಕೀಮೋದಿಂದ ತುದಿಬೆರಳು ಜೋಮು ಹಿಡಿದಿದ್ದರಿಂದ ಲಿಂಗದ ನುಣುಪು ಮೊದಲಿನಷ್ಟು ತಿಳಿಯಲಿಲ್ಲ. ಭಾರ ಮಾತ್ರ ತಿಳಿಯಿತು. ಅದು ಹಾಗೇ ಇತ್ತು, ಒಂದಿಷ್ಟೂ ಮುನಿಸಿಕೊಳ್ಳದ ಹಾಗೆ. ನೀರು ಹಾಕಿ, ಬಿಲ್ವಪತ್ರೆ ಇಟ್ಟು ನೋಡುತ್ತ ಕೂತರು. ಕಣ್ಣು ಡಬ್ಬಿಯ ಕಡೆ ಹೋಯಿತು, ಮತ್ತೆ ಅಂಗೈಗೆ ತಂದರು. ಮತ್ತೆ ಹೋಯಿತು, ಮತ್ತೆ ತಂದರು. ತಿಂಗಳ ಮೇಲೆ ಲಿಂಗದ ಮುಂದೆ ಕೂತವರು ಬೇಡಿಕೊಳ್ಳುವುದನ್ನೇ ಮರೆತಿದ್ದರು. ಎದ್ದ ಮೇಲೆ ಅದು ನೆನಪಾಯಿತು.

ಡಬ್ಬಿ ದಿನದಿನಕ್ಕೆ ಹತ್ತಿರ ಬಂತು. ಮುಚ್ಚಳ ತೆರೆಯಿತು. ಹೊಟ್ಟೆಯಲ್ಲಿ ಏನೋ ಏಳುತ್ತಿತ್ತು, ಗಂಟಲವರೆಗೆ ಬಂದು ನಿಲ್ಲುತ್ತಿತ್ತು, ಓಡಿಹೋಗದೆ ಕೂತರೆ ಇಳಿಯುತ್ತಿತ್ತು. ಇಷ್ಟೇನಾ ಎನ್ನಿಸಿ, ಒಂದು ದಿನ ಅವಸರ ಮಾಡಿ ಡಬ್ಬಿಯನ್ನು ಮೂಗಿನ ಹತ್ತಿರವೇ ತಂದುಕೊಂಡರು. ತಿಂದದ್ದೆಲ್ಲ ಹೊರಗೆ ಬಂತು. ಎಲ್ಲ ಮೊದಲಿಗೇ ಬಂತು ಎಂದು ಅಳುತ್ತ ನಯನಾಗೆ ಫೋನು ಮಾಡಿದರು.

"ಅವಸರ ಮಾಡಿದ್ದು ಯಾರು?" ಕೇಳಿದರು ನಯನಾ.

"ನಾನೇ."

"ಬ್ಲೌಸ್ ಆಯ್ತಾ ಅಂತ ಅವಸರ ಮಾಡ್ಕೊಂಡು ಬರೋರಿಗೆ ನೀವೇನ್ ಹೇಳ್ತೀರಾ?"

"ನಾಳೆ ಬನ್ನಿ ಅಂತೀನಿ."

"ಅದನ್ನೇ ನಿಮ್ ಹೊಟ್ಟೆ ನಿಮಗೆ ಹೇಳ್ತಿರೋದು. ನಾಳೆ ಮಾಡಿ. ಎರಡು ಹೆಜ್ಜೆ ಹಿಂದಕ್ಕಿಟ್ಟು ಶುರು ಮಾಡಿ."

ಕೀಮೋದ ದಿನ ಬಾಯಿಗೊಂದು ಮಿಠಾಯಿ ಹಾಕಿಕೊಳ್ಳಿ ಎಂದೂ ನಯನಾ ಹೇಳಿದ್ದರು. ಇಷ್ಟದ್ದಲ್ಲ, ಮುಂದೆ ಅಸಹ್ಯ ಹುಟ್ಟಿದರೂ ಬೇಜಾರಿಲ್ಲ ಎನ್ನುವಂಥದ್ದು. ಹೊಟ್ಟೆಗೆ ಯಾರ ಮೇಲಾದರೂ ತಪ್ಪು ಹೊರಿಸಲೇಬೇಕಿದ್ದರೆ ಅದರ ಮೇಲೆ ಹೊರಿಸಲಿ ಎಂದು. ಪ್ರಭುಸ್ವಾಮಿ ಅಂಗಡಿಯಲ್ಲಿದ್ದ ಬಗೆಯನ್ನೆಲ್ಲ ತಂದು ಸುರಿದರು. ಗಿರಿಜಮ್ಮ ಹುಣಸೆಯದನ್ನು ಪಕ್ಕಕ್ಕಿಟ್ಟು, "ಇದು ನಂಗೆ ಬೇಕು, ಇದರ ಮೇಲೆ ಗೂಬೆ ಕೂರ್ಸೋದು ಬೇಡ" ಎಂದು ಅನಾನಸ್ಸಿನದನ್ನು ಆರಿಸಿದರು.

ಐದನೇ ಕೀಮೋದ ಬೆಳಿಗ್ಗೆ ಮನೆಯಲ್ಲಿ ಹೊಗೆಯಿರಲಿಲ್ಲ. ಪ್ರಭುಸ್ವಾಮಿಯವರು ಕೈಗೆ ಕೆಲಸವಿಲ್ಲದೆ, ಏನು ಮಾಡುವುದೆಂದು ತಿಳಿಯದೆ ಎರಡು ಸಲ ಗಾಡಿ ಒರೆಸಿದರು. ಹೋಗುತ್ತೀಯೋ ಇಲ್ಲವೋ ಎಂದು ಕೇಳುವ ಧೈರ್ಯ ಅವರಿಗಿರಲಿಲ್ಲ. ಗಿರಿಜಮ್ಮ ಟೋಪಿ ಹಾಕಿಕೊಂಡು ತಾವೇ ಬಂದು ಹಿಂದೆ ಕೂತರು.

ಆಸ್ಪತ್ರೆಯ ಗೇಟು ಕಂಡಿತು. ಸಂಕಟ ಎದ್ದಿತು, ಎಂದಿನದೇ ಸಂಕಟ. ಗಾಡಿ ನಿಲ್ಲಿಸಲು ಹೇಳಿ ಗಿರಿಜಮ್ಮ ಇಳಿದು, ಕಾಂಪೌಂಡ್ ಗೋಡೆಗೆ ಎಡಗೈ ಊರಿ ನಿಂತರು. ಅಂಗೈಗೆ ಕಲ್ಲಿನ ತಂಪು ತಗುಲಿತು. ಅಲ್ಲೇ ಮನಸ್ಸಿಟ್ಟರು. ಹೊಕ್ಕುಳಿನ ಹತ್ತಿರ ಶುರುವಾಯಿತು. ಎದೆಗೆ ಏರಿತು. ಗಂಟಲಿಗೆ ಬಂತು, ಬಾಯಿ ತುಂಬ ನೀರೂರಿತು. ಉಗುಳಿದರು. ಇನ್ನೂ ಇತ್ತು. ಬೀದಿಯಲ್ಲಿ ಹೋಗುವವರು ನೋಡಿದರು, ನೋಡಲಿ ಎಂದುಕೊಂಡರು. ನಿಂತೇ ಇದ್ದರು. ಅದು ಗಂಟಲಿನಿಂದ ಎದೆಗೆ ಇಳಿಯಿತು, ಪೂರ್ತಿ ಹೋಗಲಿಲ್ಲ.

"ವಾಪಸ್ ಹೋಗೋಣ್ವಾ?" ಪ್ರಭುಸ್ವಾಮಿಯವರ ದನಿ ದೂರದಿಂದ ಬಂತು.

"ಇಷ್ಟು ದೂರ ಬಂದು ವಾಪಸ್ಸಾ? ನಡೀರಿ ಒಳಗೆ."

ಸೂಜಿ ಚುಚ್ಚಿದರು, ಔಷಧಿ ಹನಿಯತೊಡಗಿತು. ಅನಾನಸ್ ಮಿಠಾಯಿ ಕೆನ್ನೆಯೊಳಗೆ ಕರಗುತ್ತಿತ್ತು, ಅದರ ಮೇಲೆ ಆಗಲೇ ಬೇಜಾರು ಹುಟ್ಟಲು ಶುರುವಾಗಿತ್ತು. ಪ್ರಭುಸ್ವಾಮಿಯವರು ವಾರ್ಡಿನ ಬಾಗಿಲಲ್ಲೇ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಯಾಕ್ರೀ ಅಲ್ಲೇ ನಿಂತ್ರಿ? ಬನ್ನಿ."

"ಬೇಡ ಕಣೇ. ಎಲ್ಲಾದ್ರೂ ವಾಸನೆ..."

"ಬಂದ್ರೆ ಬರ್ಲಿ, ನೋಡ್ಕೊತೀನಿ. ಬನ್ನಿ ಅಂದ್ರೆ."

ಅವರು ಬಂದು, ಮುಟ್ಟಿದರೆ ಒಡೆದೀತು ಎನ್ನುವ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತರು. ಗಿರಿಜಮ್ಮ ಇನ್ನೂ ಬೆನ್ನ ಹಿಂದೆಯೇ ಇದ್ದ ಅವರ ಕೈಯನ್ನು ಎಳೆದು ತಮ್ಮ ಎಡ ಅಂಗೈಯಲ್ಲಿ ಇಟ್ಟುಕೊಂಡರು. ನಿಜಕ್ಕೂ ವಾಸನೆಯಿತ್ತೋ, ನೆನಪಿಗೇ ಬಂತೋ, ಹೊಟ್ಟೆ ಒಮ್ಮೆ ಮೇಲೆದ್ದಿತು. ಅವರು ಮುಖ ತಿರುಗಿಸಲಿಲ್ಲ. ಆ ಕೈಯ ಭಾರವನ್ನೇ ಗಮನಿಸುತ್ತ ಕೂತರು.

ವಾರವೆಲ್ಲ ಪರದೆ ಒಗೆದು ಗೋಡೆ ಉಜ್ಜಿ ದಣಿದಿದ್ದ ಪ್ರಭುಸ್ವಾಮಿಯವರ ತಲೆ ನಿಧಾನವಾಗಿ ವಾಲಿತು. ಕೈಯನ್ನು ಹೆಂಡತಿಯ ಅಂಗೈಯಲ್ಲೇ ಬಿಟ್ಟು, ಬಾಯಿ ತೆರೆದು, ವಾರ್ಡಿಗೆಲ್ಲ ಕೇಳುವ ಹಾಗೆ ಗೊರಕೆ ಹೊಡೆಯತೊಡಗಿದರು. ಆಚೆಯ ಮಂಚದ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಸಿಸ್ಟರ್ ಬಂದು ಪಿಸುಗುಟ್ಟಿದರು, "ಅಂಕಲ್‌ನ ಎಬ್ಬಿಸ್ಲಾ ಅಮ್ಮ?"

"ಬೇಡ ಸಿಸ್ಟರ್, ಮಲಗ್ಲಿ" ಎಂದರು ಗಿರಿಜಮ್ಮ, ಕಣ್ಣು ತೆರೆಯದೆ. "ಅವ್ರ ಗೊರಕೆ ಜೊತೇಲೇ ಉಸಿರು ಬಿಡ್ತಿದೀನಿ. ಚೆನ್ನಾಗಿ ಹೊಂದ್ತಾ ಇದೆ."

ಸಿಸ್ಟರ್ ನಗು ನುಂಗಿಕೊಂಡು, ಔಷಧಿಯ ಹನಿ ಸರಿಯಾಗಿ ಬೀಳುತ್ತಿದೆಯೇ ಎಂದು ಒಮ್ಮೆ ನೋಡಿ, ಮುಂದಿನ ಮಂಚಕ್ಕೆ ಹೋದರು.